ಗೆರೆಯ ಹೊರಗೆ ನಿಂತವರು

ಕಮರಿಪೇಟೆಯಲ್ಲಿ ಗಣಪತಿ ಹಬ್ಬದ ಕಬಡ್ಡಿ ಪಂದ್ಯಕ್ಕೆ ನಾನೊಮ್ಮೆ ಅಂಪೈರ್ ಆಗಿದ್ದೆ. ಆಗಿನ್ನೂ ಪಿಯುಸಿ ಓದುತ್ತಿದ್ದೆ. ಓಣಿಯಲ್ಲಿ ನಿಯಮದ ಪುಸ್ತಕ ಓದಿದವನು ನಾನೊಬ್ಬನೇ ಎಂಬ ಕಾರಣಕ್ಕೆ ಸೀಟಿ ನನ್ನ ಕೈಗೆ ಬಂತು. ಎಲ್ಲಿ ನಿಂತು ಊದಬೇಕೆಂದು ಯಾರೂ ಹೇಳಿರಲಿಲ್ಲ.

ಈ 'ಎಲ್ಲಿ ನಿಲ್ಲಬೇಕು' ಎಂಬ ಪ್ರಶ್ನೆಗೆ ದೊಡ್ಡ ಇತಿಹಾಸವಿದೆಯೆಂದು ತಿಳಿದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಮೊದಲು ಎರಡೂ ತಂಡದವರು ತಮ್ಮ ತಮ್ಮ ಅಂಪೈರ್‌ನನ್ನು ಕರೆತರುತ್ತಿದ್ದರು. ಇಬ್ಬರೂ ಮೈದಾನದೊಳಗೇ ಇರುತ್ತಿದ್ದರು. ರೆಫ್ರಿ ಮಾತ್ರ ಹೊರಗೆ. ಅವರಿಬ್ಬರಿಗೆ ಒಮ್ಮತವಾಗದಿದ್ದಾಗಷ್ಟೇ ಅವನ ಮಾತು. 1891ರಲ್ಲಿ ಇದು ತಲೆಕೆಳಗಾಯಿತು. ರೆಫ್ರಿ ಒಳಗೆ ಬಂದ, ಅಂಪೈರ್‌ಗಳು ಗೆರೆಯಾಚೆ ಹೋಗಿ ಲೈನ್ಸ್‌ಮನ್ ಆದರು. 1996ರಿಂದ ಅವರು ಸಹಾಯಕ ರೆಫ್ರಿಗಳು.

ಅಮೆರಿಕದ ಫುಟ್‌ಬಾಲ್‌ನಲ್ಲಿ ಗೆರೆಯ ಪಕ್ಕ ನಿಲ್ಲುವುದೇ ಒಂದು ವಿದ್ಯೆ. ಚೆಂಡು ಇಟ್ಟ ಗೆರೆಯ ನೇರಕ್ಕೆ ಎರಡೂ ಬದಿಯಲ್ಲಿ ಒಬ್ಬೊಬ್ಬರು: ಡೌನ್ ಜಡ್ಜ್ ಮತ್ತು ಲೈನ್ ಜಡ್ಜ್. ಡೌನ್ ಜಡ್ಜ್‌ಗೆ 2017ರವರೆಗೆ ಹೆಡ್ ಲೈನ್ಸ್‌ಮನ್ ಎಂದೇ ಹೆಸರು. ಅದಕ್ಕೆ ಎರಡು ವರ್ಷ ಮೊದಲು ಸಾರಾ ಥಾಮಸ್ ಅಲ್ಲಿನ ಎನ್ಎಫ್ಎಲ್‌ನ ಮೊದಲ ಪೂರ್ಣಾವಧಿ ಮಹಿಳಾ ಅಧಿಕಾರಿಯಾಗಿ ಬಂದಿದ್ದರು. 'ಮನ್' ಎಂಬ ಬಾಲ ಇನ್ನು ಹೊಂದುತ್ತಿರಲಿಲ್ಲ. ಓಟಗಾರ ಗೆರೆಗುಂಟ ಬಂದರೆ ಈ ಅಧಿಕಾರಿ ಅವನಿಗಿಂತ ಮುಂದೆ ಓಡುವುದಿಲ್ಲ. ಹಿಂದೆ ಸರಿದು, ದಾರಿ ಬಿಟ್ಟು, ಅವನನ್ನು ಮುಂದೆ ಕಳಿಸಿ ಬೆನ್ನು ಹತ್ತುತ್ತಾನೆ. ಆಗ ಕಾಲೂ ಕಾಣುತ್ತದೆ, ಗೆರೆಯೂ ಕಾಣುತ್ತದೆ. ಓಟಗಾರ ಬಿದ್ದ ಮೇಲೆ ಆಚೆ ಬದಿಯವನ ಕಡೆ ಒಮ್ಮೆ ನೋಡುತ್ತಾನೆ. ಚೆಂಡು ಎಲ್ಲಿಗೆ ಮುಟ್ಟಿತೆಂಬುದನ್ನು ಇಬ್ಬರೂ ಒಪ್ಪಬೇಕಲ್ಲ. ಮೈದಾನದೊಳಗೆ ಸಿಕ್ಕಿಕೊಂಡ ಅಧಿಕಾರಿಗೆ ಆಟಗಾರರ ಬೆನ್ನುಗಳಷ್ಟೇ ಕಂಡಾವು.

ಕಬಡ್ಡಿಯ ಅಂಚು ಇದಕ್ಕಿಂತ ತ್ರಾಸಿನದು. ಗಂಡಸರ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಆ ಅಗಲದಲ್ಲೇ ಎರಡೂ ಬದಿಗೆ ಒಂದೊಂದು ಮೀಟರ್ ಪಟ್ಟಿ, ಅದಕ್ಕೆ ಲಾಬಿ ಎನ್ನುತ್ತಾರೆ. ರೇಡರ್ ಯಾರನ್ನೂ ಮುಟ್ಟುವ ಮೊದಲು ಲಾಬಿಗೆ ಕಾಲಿಟ್ಟರೆ ಔಟ್. ಮುಟ್ಟಿ ಜಗ್ಗಾಟ ಶುರುವಾಯಿತೋ, ಅದೇ ಲಾಬಿ ಅಂಗಣದ ಭಾಗವಾಗುತ್ತದೆ. ಅಂದರೆ ಸುಣ್ಣದ ಗೆರೆ ಇದ್ದಲ್ಲೇ ಇದ್ದು, ಒಂದು ಬೆರಳು ತಾಗಿದ ಕ್ಷಣದಲ್ಲಿ ಅದರ ಅರ್ಥ ಬದಲಾಗುತ್ತದೆ. ಅಂಪೈರ್ ಕಾಲನ್ನೂ ನೋಡಬೇಕು, ಬೆರಳನ್ನೂ ನೋಡಬೇಕು, ಯಾವುದು ಮೊದಲು ಎಂಬುದನ್ನೂ ನೋಡಬೇಕು. ಆಟದ ಎರಡು ಬದಿಗೆ ಇಬ್ಬರು ಅಂಪೈರ್‌ಗಳಿರುವುದು ಇದಕ್ಕೇ.

ಈ ಲೆಕ್ಕಾಚಾರವೆಲ್ಲ ಹಳ್ಳಿಯ ಆಟದಲ್ಲಿ ಇದ್ದಿರಲಾರದು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರ, ಬರೋಡಾಗಳ ಕಡೆ ಹುತುತು ಆಟಕ್ಕೆ ಲಿಖಿತ ನಿಯಮಗಳು ಬಂದವು. ಹುಬ್ಬಳ್ಳಿ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು; ಆ ನಿಯಮಗಳು ನಮ್ಮ ಓಣಿಗಳಿಗೆ ಪುಣೆ, ಬೆಳಗಾವಿ ದಾರಿಯಿಂದಲೇ ಇಳಿದಿರಬೇಕೆಂದು ನನ್ನ ಊಹೆ. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿತು. 2014ರಲ್ಲಿ ಪ್ರೊ ಕಬಡ್ಡಿ ಬಂತು. ಈಗ ಅಲ್ಲಿ ಅನುಮಾನ ಬಂದರೆ ಕ್ಯಾಮೆರಾ ಇದೆ.

ನನ್ನ ಪಂದ್ಯಕ್ಕೆ ಕ್ಯಾಮೆರಾ ಇರಲಿಲ್ಲ. ಕೊನೆಯ ನಿಮಿಷ, ಒಂದೇ ಅಂಕದ ಅಂತರ. ಹಿಂದಿದ್ದ ತಂಡದ ರೇಡರ್ ನನ್ನ ಬದಿಗೇ ಬಂದ. ಉತ್ಸಾಹಕ್ಕೆ ನಾನು ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡಿದೆ. ಮೂಲೆಯ ಹುಡುಗ ನಮ್ಮಿಬ್ಬರ ನಡುವೆ ಬಂದ. ರೇಡರ್‌ನ ಕಾಲು ಲಾಬಿಯಲ್ಲಿ ಬಿದ್ದದ್ದು ನಿಚ್ಚಳವಾಗಿ ಕಂಡಿತು, ಅವನ ಕೈ ಕಾಣಲಿಲ್ಲ. ಸೀಟಿ ಊದಿದೆ. ಆಚೆ ಬದಿಯ ಅಂಪೈರ್‌ನ ಕಡೆ ತಿರುಗಿಯೂ ನೋಡಲಿಲ್ಲ.

"ಅಣ್ಣಾ, ನಾ ಮೊದಲ ಮುಟ್ಟೀನಿ" ಎಂದ ಹುಡುಗ. ಜಗಳ ತೆಗೆಯಲಿಲ್ಲ. ಅಷ್ಟನ್ನೇ ಎರಡು ಸಲ ಹೇಳಿ ಹೊರಗೆ ಹೋಗಿ ಕೂತ. ಪಂದ್ಯ ಮುಗಿದ ಮೇಲೆ ಓಣಿಯ ಹಿರಿಯರೊಬ್ಬರು ಬಂದು ತೀರ್ಪು ಸರಿಯೋ ತಪ್ಪೋ ಎಂದು ಕೇಳಲಿಲ್ಲ. "ತಮ್ಮಾ, ನೀ ಎಲ್ಲಿ ನಿಂತಿದ್ದಿ?" ಎಂದರು. ನಾನು ಜಾಗ ತೋರಿಸಿದೆ. ಅವರು ಅಲ್ಲಿ ನಿಂತು ಒಮ್ಮೆ ಅಂಗಣದ ಕಡೆ ನೋಡಿ, ಏನೂ ಹೇಳದೆ ಹೋದರು.

ಎಷ್ಟೋ ವರ್ಷದ ಮೇಲೆ ಒಂದು ಮದುವೆಯ ಊಟದಲ್ಲಿ ಆ ಮೂಲೆಯ ಹುಡುಗ ಪಕ್ಕಕ್ಕೆ ಕೂತ. ಈಗ ಅವನಿಗೂ ತಲೆ ನೆರೆತಿದೆ. ಕೇಳಿಯೇಬಿಟ್ಟೆ.

"ಹೂಂ, ಮೊಣಕೈಗೆ ಮುಟ್ಟಿದ್ದ" ಎಂದ ಅವನು, ಅನ್ನ ಕಲಸುತ್ತ. "ನೀನs ಸೀಟಿ ಊದಿದ ಮ್ಯಾಲ ನಾ ಯಾಕ ಹೇಳ್ಲಿ?"