ಸಹಬೋಧನೆಯ ಪೂರ್ವೋತ್ತರ: ಕುಮಟಾ ಸೀಮೆಯಿಂದ ಒಂದು ನೋಟ

ಸಾಮಾನ್ಯ ಉಪಾಧ್ಯಾಯರೊಬ್ಬರೂ ವಿಶೇಷ ಶಿಕ್ಷಣದ ತರಬೇತಿ ಪಡೆದವರೊಬ್ಬರೂ ಒಂದೇ ತರಗತಿಯಲ್ಲಿ ನಿಂತು, ವಿಕಲಚೇತನ ಮಕ್ಕಳಿಗೂ ಇತರರಿಗೂ ಕೂಡಿಯೇ ಪಾಠ ಹೇಳುವ ಪದ್ಧತಿಗೆ ಸಹಬೋಧನೆಯೆಂದು ಹೆಸರು. ಅಮೆರಿಕದಲ್ಲಿ 1975ರ ಶಾಸನವು ಇಂಥ ಮಕ್ಕಳ ಶಿಕ್ಷಣವನ್ನು ಹಕ್ಕೆಂದು ಮಾನ್ಯಮಾಡಿದ ತರುವಾಯ ಇದು ಬೆಳೆಯಿತು. 1995ರಲ್ಲಿ ಲಿನ್ ಕುಕ್ ಮತ್ತು ಮೆರಿಲಿನ್ ಫ್ರೆಂಡ್ ಎಂಬ ವಿದುಷಿಯರು ಇದರ ಲಕ್ಷಣಗಳನ್ನು ನಿರೂಪಿಸಿದರು. ಆದರೆ ಕುಮಟಾ, ಹೊನ್ನಾವರ, ಭಟ್ಕಳಗಳಂಥ ತಾಲ್ಲೂಕುಗಳಿಗೆ ಎರಡನೆಯ ಉಪಾಧ್ಯಾಯರು ಬಂದ ದಾರಿ ಬೇರೆಯದು. ಆ ದಾರಿಯನ್ನರಿಯದೆ ಗ್ರಂಥದ ಲಕ್ಷಣವನ್ನು ಇಲ್ಲಿಗೆ ಅನ್ವಯಿಸಿದರೆ ಫಲವಿಲ್ಲ.

ಕನ್ನಡ ನಾಡಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳಿಗಾಗಿ 1901ರಲ್ಲಿಯೇ ಮೈಸೂರಿನಲ್ಲಿ ಶಾಲೆ ಸ್ಥಾಪಿತವಾಯಿತು. ಆದರೆ 1862ರಿಂದ ಮುಂಬಯಿ ಆಡಳಿತಕ್ಕೆ ಸೇರಿದ್ದ ಕುಮಟಾ ಸೀಮೆಗೆ ಅದು ಪರರಾಜ್ಯದ ಸಂಸ್ಥೆ. 1956ರ ಏಕೀಕರಣದವರೆಗೂ ಹಾಗೆಯೇ ಉಳಿಯಿತು. ಮುಂಬಯಿಯಲ್ಲಿ 1880ರ ದಶಕದಲ್ಲಿಯೇ ಕಿವುಡರ ಶಾಲೆಯಿತ್ತಾದರೂ, ಮಗುವನ್ನು ಅಷ್ಟು ದೂರ ಕಳುಹಿಸುವುದೆಂದರೆ ಮನೆಯಿಂದ ಅಗಲಿಸುವುದೇ ಸರಿ. ಎತ್ತ ನೋಡಿದರೂ ವಿಶೇಷ ವಿದ್ಯೆ ದೂರದ ನಗರದಲ್ಲಿ, ಮಗು ಹಳ್ಳಿಯಲ್ಲಿ.

ಕೊಠಾರಿ ಆಯೋಗವು (1964–66) ಇಂಥ ಮಕ್ಕಳನ್ನು ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಗೇ ಸೇರಿಸಬೇಕೆಂದಿತು. 1974ರಲ್ಲಿ ಕೇಂದ್ರ ಸರಕಾರದ ಸಮನ್ವಯ ಶಿಕ್ಷಣ ಯೋಜನೆ ಆರಂಭವಾಯಿತು. 1992ರಲ್ಲಿ ಪರಿಷ್ಕೃತವಾದಾಗ ಎಂಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಪ್ರಮಾಣ ಅದರಲ್ಲಿತ್ತು. ಅನಂತರದ ಸಂಗತಿ ವಿಚಿತ್ರವಾದುದು. 1994ರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಸ್ತ್ರೀ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆಗಳನ್ನು ಆರಿಸಿಕೊಂಡಿತು. ಕರ್ನಾಟಕದಲ್ಲಿ ಹಾಗೆ ಆಯ್ಕೆಯಾದವುಗಳಲ್ಲಿ ಉತ್ತರ ಕನ್ನಡವಿರಲಿಲ್ಲ. ವಿದ್ಯೆಯಲ್ಲಿ ಮುಂದಿದ್ದುದೇ ಕಾರಣವಾಗಿ, ಆ ಕಾರ್ಯಕ್ರಮದೊಂದಿಗೆ ಬಂದ ವಿಕಲಚೇತನ ಮಕ್ಕಳ ಶಿಕ್ಷಣದ ಏರ್ಪಾಡು ಈ ಜಿಲ್ಲೆಗೆ ಒದಗಲಿಲ್ಲ!

ಸರ್ವ ಶಿಕ್ಷಣ ಅಭಿಯಾನ ಬಂದ ಬಳಿಕ, ಅಂದರೆ 2001ರಿಂದ ಈಚೆಗೆ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ನೆಲೆಯಾಗಿಸಿಕೊಂಡ ಸಂಪನ್ಮೂಲ ಶಿಕ್ಷಕರು ಈ ರಂಗವನ್ನು ಪ್ರವೇಶಿಸಿದರು. ಇವರು ಒಂದು ಶಾಲೆಯವರಲ್ಲ, ಸಂಚಾರಿಗಳು. ಶಾಲೆಗೆ ಬರಲಾರದ ಮಕ್ಕಳ ಮನೆಗೂ ಇವರೇ ಹೋಗಬೇಕು. ಕುಮಟಾ ತಾಲ್ಲೂಕಿನ ಭೂಸ್ವರೂಪವನ್ನು ಬಲ್ಲವರಿಗೆ ಈ ಸಂಚಾರದ ಕಷ್ಟವನ್ನು ವಿವರಿಸಬೇಕಾಗಿಲ್ಲ. ಒಂದು ಅಂಚಿನಲ್ಲಿ ಗೋಕರ್ಣ, ಇನ್ನೊಂದು ಅಂಚಿನಲ್ಲಿ ದೇವಿಮನೆ ಘಟ್ಟದ ಬುಡ. ತದಡಿಯೂ ಅಘನಾಶಿನಿ ಗ್ರಾಮವೂ ಎದುರುಬದುರಾಗಿದ್ದರೂ ನಡುವೆ ಅಳಿವೆ. ಮೇಲೆ ಮಳೆಗಾಲ. ಹೀಗಿರಲಾಗಿ ಇಲ್ಲಿಯ ಸಹಬೋಧನೆ ಒಂದೇ ಕೋಣೆಯಲ್ಲಿ, ಒಂದೇ ಗಂಟೆಯಲ್ಲಿ ನಡೆಯುವಂಥದಲ್ಲ. ಒಬ್ಬರು ದಿನವೂ ಇರುವವರು, ಇನ್ನೊಬ್ಬರು ಬಂದುಹೋಗುವವರು. ಅವರಿಬ್ಬರನ್ನು ಜೋಡಿಸುವುದು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಕಾಗದವೊಂದೇ. ಅದನ್ನು ಸಂಪನ್ಮೂಲ ಶಿಕ್ಷಕರೇ ಬರೆದು ಕಡತಕ್ಕೆ ಸೇರಿಸಿದರೆ, ‘ಆ ಮಗು ಅವರದು’ ಎಂಬ ಭಾವನೆ ತರಗತಿಯಲ್ಲಿ ಬೇರೂರುತ್ತದೆ. ಮಗು ಬೆಂಚಿನ ಮೇಲಿದ್ದೂ ಯಾರ ವಿದ್ಯಾರ್ಥಿಯೂ ಅಲ್ಲದಂತಾಗುತ್ತದೆ. ಇಬ್ಬರೂ ಕುಳಿತು ಬರೆದಾಗಲೇ ಅದು ಸಹಬೋಧನೆ ಎನಿಸಿಕೊಳ್ಳುವುದು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಬ್ರೈಲ್ ಮತ್ತು ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು, ಸ್ವತಃ ವಿಕಲಚೇತನರಾದ ಶಿಕ್ಷಕರನ್ನೂ ಒಳಗೊಂಡಂತೆ, ನೇಮಿಸಬೇಕೆಂದು ವಿಧಿಸಿತು. 2021ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ನಿರ್ದೇಶಿಸಿತು. ಇದು ಸ್ವಾಗತಾರ್ಹವೇ. ಆದರೆ ಈ ಪ್ರಮಾಣ ಎಣಿಸುವುದು ಮಕ್ಕಳನ್ನು, ಕೋಣೆಗಳನ್ನಲ್ಲ. ಹತ್ತು ಮಕ್ಕಳು ಏಳು ಊರುಗಳ ಏಳು ಶಾಲೆಗಳಲ್ಲಿ ಹರಡಿದ್ದರೆ, ನೇಮಕ ಪೂರ್ಣವಾದ ಮೇಲೂ ಆ ಶಿಕ್ಷಕರು ವಾರದ ಆರು ದಿನಗಳಲ್ಲಿ ಪ್ರತಿಯೊಂದು ಶಾಲೆಗೆ ಒಂದು ದಿನವನ್ನೂ ಪೂರ್ತಿ ಕೊಡಲಾರರು. ಆ ಅಲ್ಪಾವಧಿಯಲ್ಲಿ ತರಗತಿಯ ಉಪಾಧ್ಯಾಯರೊಡನೆ ಸಮಾಲೋಚಿಸಲು ವೇಳಾಪಟ್ಟಿಯಲ್ಲಿ ಒಂದು ಅವಧಿಯನ್ನಾದರೂ ಮೀಸಲಿಡುವ ಅಧಿಕಾರ ಮುಖ್ಯೋಪಾಧ್ಯಾಯರ ಕೈಯಲ್ಲಿದೆ.