ಹೆಸರು ಅದೇ, ಭಾಷೆ ಬೇರೆ

2000ದ ಆಸುಪಾಸಿನಲ್ಲಿ ಬಿಸಿಎನೋ ಡಿಪ್ಲೊಮಾನೋ ಓದಿದ ಯಾರಾದರೂ ನಿಮ್ಮ ಟೀಮಿನಲ್ಲಿದ್ದರೆ, ಅವರ ಹತ್ತಿರ ಒಮ್ಮೆ ‘ವಿಬಿ ಸಿಕ್ಸ್’ ಅಂದು ನೋಡಿ. ಅರ್ಧ ಗಂಟೆ ನಿಮ್ಮನ್ನು ಬಿಡೋದಿಲ್ಲ. ಚುಕ್ಕಿ ಚುಕ್ಕಿಯ ಬೂದು ಫಾರ್ಮ್, ಎಡಗಡೆ ಟೂಲ್‌ಬಾಕ್ಸ್. ಒಂದು ಬಟನ್ ಎಳೆದು ತಂದು ಹಾಕು, ಡಬಲ್ ಕ್ಲಿಕ್ ಮಾಡು, ಎರಡು ಸಾಲು ಬರೆ, ಎಫ್5 ಒತ್ತು. ಓಡ್ತು! ಮಧ್ಯದಲ್ಲಿ ತಪ್ಪು ಕಂಡರೆ ಪ್ರೋಗ್ರಾಂ ಅಲ್ಲೇ ನಿಲ್ಲಿಸಿ, ಸಾಲು ತಿದ್ದಿ, ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು.

ಈಗ ನಾವು ವಾರಾಂತ್ಯದಲ್ಲಿ ಎಡಿಟರ್ ಬದಲಾಯಿಸಿ, ಸೋಮವಾರ ಶಾರ್ಟ್‌ಕಟ್ ಕೀಗಳನ್ನು ಬೈದುಕೊಂಡು, ಬುಧವಾರದ ಹೊತ್ತಿಗೆ ಒಗ್ಗಿಕೊಂಡು ಬಿಡ್ತೀವಿ. 2002ರಲ್ಲಿ ಆಗಿದ್ದು ಅಂಥ ಬದಲಾವಣೆ ಅಲ್ಲ. ಲಕ್ಷಾಂತರ ಜನರ ಕಸುಬು ಒಂದೇ ರಿಲೀಸಿನಲ್ಲಿ ಹಳತಾಯಿತು. ವೃತ್ತಿಯ ಮೊದಲ ವರ್ಷಗಳನ್ನು ವಿಬಿ6 ಕೋಡನ್ನು ಡಾಟ್‌ನೆಟ್‌ಗೆ ಸಾಗಿಸುವುದರಲ್ಲೇ ಕಳೆದವನು ನಾನು. ಹಾಗಾಗಿ ಈ ಕಥೆ ನನಗೆ ಒಳಗಿನಿಂದ ಗೊತ್ತು.

ಮೊದಲು ಹುಟ್ಟಿನ ಕಥೆ. ಅಲನ್ ಕೂಪರ್ ಎನ್ನುವವರು ‘ಟ್ರೈಪಾಡ್’ ಎಂಬ ಸಾಧನ ಕಟ್ಟಿದ್ದರು. ಬಳಕೆದಾರ ತನಗೆ ಬೇಕಾದ ಪರದೆಯನ್ನು ತಾನೇ ಎಳೆದು ಜೋಡಿಸಿಕೊಳ್ಳಲಿ ಎನ್ನುವುದು ಅವರ ಆಲೋಚನೆ. 1988ರಲ್ಲಿ ಬಿಲ್ ಗೇಟ್ಸ್ ಅದನ್ನು ನೋಡಿ ಮೈಕ್ರೋಸಾಫ್ಟ್‌ಗೆ ಕೊಂಡರು. ಆಮೇಲೆ ಅದಕ್ಕೆ ‘ರೂಬಿ’ ಅಂತ ಸಂಕೇತನಾಮ ಬಂತು (ಈಗಿನ ರೂಬಿ ಭಾಷೆಗೂ ಇದಕ್ಕೂ ಸಂಬಂಧ ಇಲ್ಲ). ಮೈಕ್ರೋಸಾಫ್ಟ್ ಅದಕ್ಕೆ ಬೇಸಿಕ್ ಭಾಷೆಯನ್ನು ಕೂಡಿಸಿತು. 1991ರ ಮೇ ತಿಂಗಳಲ್ಲಿ ವಿಷುಯಲ್ ಬೇಸಿಕ್ 1 ಹೊರಬಂತು. ಅಲ್ಲಿಯವರೆಗೆ ವಿಂಡೋಸ್‌ನಲ್ಲಿ ಒಂದು ಖಾಲಿ ಕಿಟಕಿ ತೆರೆಯುವುದಕ್ಕೂ ಸಿ ಭಾಷೆಯಲ್ಲಿ ಪುಟಗಟ್ಟಲೆ ಬರೀಬೇಕಿತ್ತು. ಇನ್ನು ಯಾರು ಬೇಕಾದರೂ ಬರೀಬಹುದು ಎಂದಾಯಿತು.

ಬರೆದರು ಕೂಡ. ಔಷಧಿ ಅಂಗಡಿಯ ಬಿಲ್ಲು, ಶಾಲೆಯ ಫೀಸು, ಗೋಡೌನಿನ ಸ್ಟಾಕು. ಇವನ್ನು ಬರೆದವರಲ್ಲಿ ಎಷ್ಟೋ ಜನ ತಮ್ಮನ್ನು ಪ್ರೋಗ್ರಾಮರ್ ಅಂತ ಕರೆದುಕೊಂಡವರೇ ಅಲ್ಲ. ಲೆಕ್ಕ ನೋಡ್ಕೊಳ್ತಿದ್ದವರು, ಲ್ಯಾಬ್ ಅಸಿಸ್ಟೆಂಟ್‌ಗಳು, ಎಂಜಿನಿಯರ್‌ಗಳು. ಸಿ++ ಮಂದಿ ಇವರನ್ನು ನೋಡಿ ಮೂಗು ಮುರಿಯುತ್ತಿದ್ದರು. 1998ರಲ್ಲಿ ಬಂದ ಆರನೇ ಆವೃತ್ತಿ ಈ ಸಾಲಿನ ಕೊನೆಯದು.

ಅಷ್ಟೊತ್ತಿಗೆ ಜಾವಾ ಗಾಳಿ ಜೋರಾಗಿತ್ತು. ಜಾವಾ ವಿಷಯದಲ್ಲೇ ಸನ್ ಕಂಪನಿ 1997ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತ್ತು. 2000ದ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಡಾಟ್‌ನೆಟ್ ಘೋಷಿಸಿತು. ಎಲ್ಲ ಭಾಷೆಗಳಿಗೂ ಒಂದೇ ರನ್‌ಟೈಮ್, ಒಂದೇ ಲೈಬ್ರರಿ, ಒಂದೇ ವಿಷುಯಲ್ ಸ್ಟುಡಿಯೊ. ಅದಕ್ಕೆಂದೇ ಸಿ# ಎಂಬ ಹೊಸ ಭಾಷೆ. ಅದರ ಶಿಲ್ಪಿ ಆಂಡರ್ಸ್ ಹೈಲ್ಸ್‌ಬರ್ಗ್ ಬೋರ್ಲ್ಯಾಂಡ್‌ನಿಂದ ಬಂದವರು, ಟರ್ಬೊ ಪಾಸ್ಕಲ್ ಮಾಡಿದವರು. ಹೊಸ ಮನೆ ಕಟ್ಟಿದ್ದು ಹೊಸ ಮಗುವಿಗೆ. ಹಳೆಯ ವಿಬಿಯನ್ನು ಆ ಮನೆಗೆ ಹೊಂದಿಸಬೇಕಿತ್ತು, ಹೊಂದಿಸಿದರು.

ಹೇಗೆ ಅಂತೀರಾ? ವಿಬಿ6ರಲ್ಲಿ ಇಂಟಿಜರ್ ಅಂದರೆ 16 ಬಿಟ್, ಹೊಸದರಲ್ಲಿ 32. ಲಾಂಗ್ ಅಂದರೆ 32 ಇದ್ದದ್ದು 64 ಆಯಿತು. ವೇರಿಯಂಟ್ ಹೋಯಿತು, ಕಂಟ್ರೋಲ್ ಅರೇ ಹೋಯಿತು, ಸೆಟ್ ಎನ್ನುವ ಪದ ಹೋಯಿತು. ಮೊದಲು ಒಂದು ಆಬ್ಜೆಕ್ಟನ್ನು ಬಿಟ್ಟ ಕ್ಷಣವೇ ಅದು ಸಾಯುತ್ತಿತ್ತು. ಈಗ ಗಾರ್ಬೇಜ್ ಕಲೆಕ್ಟರ್‌ಗೆ ಮನಸ್ಸು ಬಂದಾಗ. ಫೈಲ್ ಮುಚ್ಚುವ ಕೆಲಸವನ್ನು ಆ ಸಾಯುವ ಕ್ಷಣಕ್ಕೆ ಕಟ್ಟಿಹಾಕಿದ್ದ ಕೋಡೆಲ್ಲ ಕಾರಣವೇ ತಿಳಿಯದ ಹಾಗೆ ಕೆಟ್ಟಿತು. ಇದು ಸಾಲದು ಅಂತ, ನಡುವೆ ನಿಲ್ಲಿಸಿ ತಿದ್ದಿ ಮುಂದುವರಿಸುವ ಆ ಸೌಕರ್ಯ 2002ರ ವಿಷುಯಲ್ ಸ್ಟುಡಿಯೊದಲ್ಲಿ ಇರಲೇ ಇಲ್ಲ! 2005ರ ಆವೃತ್ತಿಯಲ್ಲಿ ವಾಪಸ್ ಬಂತು.

ಜನ ಸುಮ್ಮನೆ ಇರಲಿಲ್ಲ. ಬೀಟಾ ನೋಡಿದವರ ಗಲಾಟೆಗೆ ಮಣಿದು 2001ರಲ್ಲಿ ಮೈಕ್ರೋಸಾಫ್ಟ್ ಕೆಲವು ಬದಲಾವಣೆ ಹಿಂತೆಗೆದುಕೊಂಡಿತು. ವಿಬಿಯಲ್ಲಿ ಟ್ರೂ ಅಂದರೆ ಇವತ್ತಿಗೂ ಮೈನಸ್ 1 ಆಗಿ ಉಳಿದಿರುವುದು ಆ ಗಲಾಟೆಯಿಂದ. ಆಂಡ್ ಪದವನ್ನು ಹಳೆಯ ಅರ್ಥಕ್ಕೇ ಬಿಟ್ಟು, ಹೊಸ ನಡವಳಿಕೆಗೆ ‘ಆಂಡ್‌ಆಲ್ಸೋ’ ಅಂತ ಬೇರೆ ಪದವನ್ನೇ ಹುಟ್ಟಿಸಿದರು. ವಿಬಿ ಡಾಟ್‌ನೆಟ್ ಓದುವಾಗ ಈ ಪದ ನೋಡಿ ನಗುವವರಿದ್ದಾರೆ. ನನಗದು ಸಣ್ಣ ವಿಜಯಸ್ತಂಭದ ಹಾಗೆ ಕಾಣುತ್ತೆ.

ಹಳೆ ಪ್ರಾಜೆಕ್ಟ್ ಸಾಗಿಸಲು ಒಂದು ಅಪ್‌ಗ್ರೇಡ್ ವಿಝಾರ್ಡ್ ಕೊಟ್ಟಿದ್ದರು. ಅದು ಕೋಡನ್ನು ಬದಲಾಯಿಸಿ, ಬದಲಾಯಿಸಲಾಗದ ಕಡೆ ‘ಅಪ್‌ಗ್ರೇಡ್ ಇಶ್ಯೂ’, ‘ಅಪ್‌ಗ್ರೇಡ್ ವಾರ್ನಿಂಗ್’ ಅಂತ ಕಾಮೆಂಟ್ ಅಂಟಿಸುತ್ತಿತ್ತು. ದೊಡ್ಡ ಪ್ರಾಜೆಕ್ಟ್ ಹಾಕಿದರೆ ಫೈಲಿನ ತುಂಬ ಬರೀ ಕಾಮೆಂಟುಗಳೇ. ನಮ್ಮ ಟೀಮ್ ಎರಡು ವಾರ ಅದರ ಜೊತೆ ಗುದ್ದಾಡಿ, ಕೊನೆಗೆ ಕೈಯಲ್ಲೇ ಹೊಸದಾಗಿ ಬರೆಯಿತು. ಬರೆದದ್ದು ಸಿ#ನಲ್ಲಿ. ಹೇಗೂ ಎಲ್ಲ ಹೊಸದಾಗಿ ಕಲೀಬೇಕಲ್ಲ, ವಿಬಿಯಲ್ಲೇ ಯಾಕೆ? ಈ ಪ್ರಶ್ನೆ ನಮ್ಮೊಬ್ಬರದಾಗಿರಲಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವಿಬಿ6ಗೆ ಕನ್ನಡ ಬರುತ್ತಿರಲಿಲ್ಲ. ಒಳಗೆ ಸ್ಟ್ರಿಂಗ್ ಯೂನಿಕೋಡ್‌ನಲ್ಲೇ ಇದ್ದರೂ ಟೆಕ್ಸ್ಟ್‌ಬಾಕ್ಸ್, ಲೇಬಲ್‌ಗಳಿಗೆ ಯೂನಿಕೋಡ್ ಗೊತ್ತಿರಲಿಲ್ಲ. ಕನ್ನಡ ಹಾಕಿದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ನುಡಿ, ಬರಹದಂಥ ಫಾಂಟುಗಳ ಆಟ: ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಎಲ್ಲ ಕಲಸುಮೇಲೋಗರ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಅಆಇಈ ಕ್ರಮ ಬಿಟ್ಟು ಇನ್ನೇನೋ ಬರುತ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು ಅನ್ನೋದನ್ನು ನೆನಪಿಡಿ, ವಿಬಿ ಹುಟ್ಟಿದ ವರ್ಷವೇ. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ತಂದಿತು, ಡಾಟ್‌ನೆಟ್‌ನ ಫಾರ್ಮ್‌ಗಳು ಯೂನಿಕೋಡ್ ತಂದವು. ಲೇಬಲ್ ಮೇಲೆ ‘ಉಳಿಸಿ’ ಅಂತ ಟೈಪ್ ಮಾಡಿದರೆ ‘ಉಳಿಸಿ’ ಅಂತಲೇ ಕಂಡಿತು. ಕನ್ನಡದ ಮಟ್ಟಿಗೆ ಈ ವಲಸೆ ಲಾಭವೇ. ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವ ನಮ್ಮವರು ಇದನ್ನು ಯಾಕೋ ಮರೀತಾರೆ.

2005ರ ಮಾರ್ಚ್ 31ಕ್ಕೆ ವಿಬಿ6ರ ಮುಖ್ಯ ಬೆಂಬಲ ಮುಗಿಯುವುದಿತ್ತು. ಅದೇ ತಿಂಗಳು ಮೈಕ್ರೋಸಾಫ್ಟ್‌ನಿಂದಲೇ ‘ಎಂವಿಪಿ’ ಗೌರವ ಪಡೆದ ನೂರಕ್ಕೂ ಹೆಚ್ಚು ಮಂದಿ ಮುಂದಾಗಿ ಮನವಿ ಬರೆದರು, ಆಮೇಲೆ ಸಾವಿರಾರು ಜನ ಸಹಿ ಹಾಕಿದರು. ಡಾಟ್‌ನೆಟ್ ಬೇಡ ಅಂತ ಅವರು ಕೇಳಲಿಲ್ಲ. ಹಳೆ ಭಾಷೆಯೂ ಪಕ್ಕದಲ್ಲಿ ಬದುಕಿರಲಿ, ನಾವು ನಮ್ಮ ಪಾಡಿಗೆ ನಿಧಾನವಾಗಿ ಸಾಗಿಸ್ಕೊಳ್ತೀವಿ ಅಂದರು. ಮೈಕ್ರೋಸಾಫ್ಟ್ ಒಪ್ಪಲಿಲ್ಲ. ವಿಸ್ತರಿಸಿದ ಬೆಂಬಲವೂ 2008ರ ಏಪ್ರಿಲ್‌ಗೆ ಮುಗಿಯಿತು. 2020ರ ಮಾರ್ಚ್‌ನಲ್ಲಿ ವಿಬಿ ಡಾಟ್‌ನೆಟ್ ಕೂಡ ಭಾಷೆಯಾಗಿ ಇನ್ನು ಬೆಳೆಯುವುದಿಲ್ಲ ಎಂದು ಕಂಪನಿಯೇ ಹೇಳಿತು. ಯಾರನ್ನು ಕರೆತರಲು ಅದನ್ನು ಮಾಡಿದ್ದರೋ ಅವರಲ್ಲಿ ಬಹಳಷ್ಟು ಜನ ಬರಲೇ ಇಲ್ಲ. ಬಂದವರಲ್ಲಿ ಅನೇಕರು ಸಿ# ಕಡೆ ಹೋದರು.

ತಮಾಷೆ ಅಂದರೆ, ವಿಬಿ6ರಲ್ಲಿ ಕಟ್ಟಿದ ಪ್ರೋಗ್ರಾಮುಗಳನ್ನು ಓಡಿಸುವ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ಇನ್ನೊಂದು ಕೊಂಡಿಯೂ ಉಳಿದಿದೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ಆಲ್ಟ್ ಜೊತೆ ಎಫ್11 ಒತ್ತಿ. ಅದೇ ಬೂದು ಕಿಟಕಿ, ಅದೇ ಚುಕ್ಕಿ ಚುಕ್ಕಿಯ ಫಾರ್ಮ್. ಅಲ್ಲೊಂದು ಇಂಟಿಜರ್ ಮಾಡಿ ಅದಕ್ಕೆ 40000 ಕೊಡಿ. ಓವರ್‌ಫ್ಲೋ ಅನ್ನುತ್ತೆ. ಅಲ್ಲಿ ಇಂಟಿಜರ್ ಇನ್ನೂ 16 ಬಿಟ್ಟೇ, ಮತ್ತು ನಿಮ್ಮ ಫೈನಾನ್ಸ್ ಟೀಮಿನ ಯಾರೋ ಒಬ್ಬರು ಅದರಲ್ಲೇ ತಿಂಗಳ ಕೊನೆಯ ರಿಪೋರ್ಟ್ ತೆಗೀತಿರ್ತಾರೆ.