ಮೈಲುತುತ್ತು, ಸುಣ್ಣ ಮತ್ತು ಕಬ್ಬಿಣದ ಕತ್ತಿ: ಅಡಿಕೆ ತೋಟದೊಳಗೊಂದು ವಿಜ್ಞಾನ ಚರಿತ್ರೆ

ಪುತ್ತೂರು: ಮುಂಗಾರು ಕಾಲಿಡುವ ಮುನ್ನ, ಅಂದರೆ ಮೇ ಕೊನೆಯ ವಾರದಿಂದ ಜೂನ್ ಆರಂಭದವರೆಗೆ, ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಅಡಿಕೆ ತೋಟಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ತೋಟದ ಬದಿಯಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಒಂದರಲ್ಲಿ ನೀಲಿ ದ್ರಾವಣ, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಬೆರೆಸಿದ ಬಳಿಕ ಬೆಳೆಗಾರರು ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ, ತುಸು ಹೊತ್ತಿನ ನಂತರ ಮೇಲೆತ್ತಿ ನೋಡುತ್ತಾರೆ. ಅಲಗಿನ ಮೇಲೆ ಕೆಂಗಂದು ಬಣ್ಣ ಕುಳಿತಿದ್ದರೆ ಇನ್ನಷ್ಟು ಸುಣ್ಣ ಬೇಕು. ಕುಳಿತಿಲ್ಲವಾದರೆ ಮರಗಳಿಗೆ ‘ಮದ್ದು ಬಿಡಲು’ ಅಡ್ಡಿಯಿಲ್ಲ.

ವಿಜ್ಞಾನದ ಚರಿತ್ರೆ ಎಂದೊಡನೆ ದೂರದರ್ಶಕ, ಸೂಕ್ಷ್ಮದರ್ಶಕಗಳು ನೆನಪಾಗುವುದು ಸಹಜ. ಆದರೆ ಈಚಿನ ದಶಕಗಳಲ್ಲಿ ಚರಿತ್ರಕಾರರ ಗಮನ ಸಿದ್ಧಾಂತಗಳಿಂದ ವಸ್ತುಗಳತ್ತಲೂ ಹರಿದಿದೆ. ಪಾತ್ರೆ, ಪಂಪು, ದ್ರಾವಣಗಳೂ ಜ್ಞಾನವನ್ನು ಹೊತ್ತು ಸಾಗುತ್ತವೆ ಎಂಬುದು ಅವರ ವಾದ. ಹಾಗೆ ನೋಡಿದರೆ ದಕ್ಷಿಣ ಕನ್ನಡದ ಅಡಿಕೆ ತೋಟದ ಡ್ರಮ್ಮು ನೂರು ವರ್ಷ ಮೀರಿದ ಪ್ರಯೋಗವೊಂದರ ಜೀವಂತ ಸಾಕ್ಷಿ.

ಕಳ್ಳರಿಗೆಂದು ಬಳಿದದ್ದು

ಈ ಮದ್ದಿನ ಹೆಸರು ಬೋರ್ಡೋ ದ್ರಾವಣ. ಹೆಸರಿನ ಮೂಲ ಫ್ರಾನ್ಸಿನ ಬೋರ್ಡೋ ಪಟ್ಟಣ. ಅಮೆರಿಕದಿಂದ ಬಂದ ಬೂಜುರೋಗವೊಂದು ಅಲ್ಲಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವುತ್ತಿದ್ದ ಕಾಲವದು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯರ್ ಮಿಲಾರ್ಡೆ ಮೆಡಾಕ್ ಪ್ರದೇಶದಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಿದರು: ದಾರಿಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆಗಳು ಉಳಿದುಕೊಂಡಿದ್ದವು. ದಾರಿಹೋಕರು ಹಣ್ಣು ಕದಿಯದಿರಲೆಂದು, ವಿಷದಂತೆ ಕಾಣುವ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣವನ್ನು ತೋಟದವರು ಆ ಬಳ್ಳಿಗಳಿಗೆ ಎರಚಿದ್ದರು. ರಸಾಯನಶಾಸ್ತ್ರಜ್ಞ ಯುಲೀಸ್ ಗಾಯೋನ್ ಅವರ ನೆರವಿನಿಂದ ಪ್ರಯೋಗ ನಡೆಸಿ ಮಿಲಾರ್ಡೆ 1885ರಲ್ಲಿ ಫಲಿತಾಂಶ ಪ್ರಕಟಿಸಿದರು.

ಇದು ಕೇವಲ ಆಕಸ್ಮಿಕ ಎನ್ನಲಾಗದು. ತಾಮ್ರದ ಅಂಶ ಶಿಲೀಂಧ್ರದ ಬೀಜಾಣುಗಳನ್ನು ತಡೆಯುತ್ತದೆಂದು ಬೆನೆಡಿಕ್ಟ್ ಪ್ರೆವೋ 1807ರಲ್ಲೇ ಗೋಧಿಯ ರೋಗವೊಂದರ ಅಧ್ಯಯನದಲ್ಲಿ ತೋರಿಸಿದ್ದರು. ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬ ಮಾತನ್ನು ಒಪ್ಪಲು ಆ ಕಾಲ ಸಿದ್ಧವಿರಲಿಲ್ಲ.

ಕೋಲ್ಮನ್ ಮತ್ತು ಕೊಳೆರೋಗ

ಕರಾವಳಿ, ಮಲೆನಾಡುಗಳ ಅಡಿಕೆ ಬೆಳೆಗಾರರ ಹಳೆಯ ಶತ್ರು ಕೊಳೆರೋಗ. ಎಡೆಬಿಡದ ಮಳೆ, ನಡುನಡುವೆ ಇಣುಕುವ ಬಿಸಿಲು, ತೋಟದೊಳಗಿನ ತೇವ ಇವು ಒಟ್ಟು ಸೇರಿದರೆ ಎಳೆಕಾಯಿಗಳ ಮೇಲೆ ನೀರಿನಲ್ಲಿ ನೆನೆದಂತಹ ಕಲೆ ಮೂಡಿ, ಬಿಳಿ ಬೂಜು ಹಬ್ಬಿ, ಕಾಯಿಗಳು ರಾಶಿರಾಶಿಯಾಗಿ ಉದುರುತ್ತವೆ. ಕಾಸರಗೋಡಿನ ಕಡೆ ಇದಕ್ಕೆ ‘ಮಹಾಳಿ’ ಎಂಬ ಹೆಸರೂ ಇದೆ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫೈಟಾಫ್ತೊರಾ ಕುಲದ ಜೀವಿ ಇದಕ್ಕೆ ಕಾರಣವೆಂದು ತೋರಿಸಿ, ಮಳೆಗೆ ಮುಂಚೆ ಬೋರ್ಡೋ ಸಿಂಪಡಿಸುವ ಮಾರ್ಗವನ್ನು ರೂಢಿಗೆ ತಂದವರು ಅವರೇ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಭೀಕರ ಕ್ಷಾಮಕ್ಕೆ ಕಾರಣವಾದದ್ದೂ ಇದೇ ಕುಲದ ಇನ್ನೊಂದು ಪ್ರಭೇದ. ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರೂ ಆದರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆದರೆ ಘಟ್ಟದ ಮೇಲಿಗೂ ಕೆಳಗಿಗೂ ರೋಗ ಒಂದೇ, ಮದ್ದೂ ಒಂದೇ ಆಯಿತು.

ಬೋರ್ಡೋ ಬರುವ ಮೊದಲು ಬೆಳೆಗಾರರು ಸುಮ್ಮನೆ ಕುಳಿತಿದ್ದರೆಂದು ಭಾವಿಸಬೇಕಿಲ್ಲ. ಅಡಿಕೆ ಹಾಳೆಯಿಂದ ಕೊಟ್ಟೆ ಮಾಡಿ ಗೊನೆಗಳಿಗೆ ಹೊದಿಸಿ ಮಳೆನೀರು ತಾಗದಂತೆ ಕಾಪಾಡುವ ಕ್ರಮವಿತ್ತು. ರೋಗಾಣುವಿನ ಹೆಸರು ತಿಳಿಯದಿದ್ದರೂ ನೀರೇ ಅದರ ವಾಹನ ಎಂಬುದು ಅವರಿಗೆ ತಿಳಿದಿತ್ತು. ಅದೇ ಉಪಾಯ ಈಗ ಗೊನೆಗಳಿಗೆ ಪಾಲಿಥಿನ್ ಚೀಲ ತೊಡಿಸುವ ಶಿಫಾರಸಾಗಿ ಮರಳಿದೆ.

ಕನ್ನಡದ ಪದವೊಂದು ಈ ಚರಿತ್ರೆಯಲ್ಲಿ ಲ್ಯಾಟಿನ್ ಹೆಸರಿನೊಳಗೂ ಸೇರಿಕೊಂಡಿರುವುದು ಉಲ್ಲೇಖಾರ್ಹ. ಕಾಫಿ ಗಿಡದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ.ಸಿ. ಕುಕ್ 1876ರಲ್ಲಿ ಇಟ್ಟ ಹೆಸರು ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’. ಅಡಿಕೆಯ ರೋಗಾಣು ಅದಲ್ಲ. ಪದ ಮಾತ್ರ ಒಂದೇ.

ಕತ್ತಿ ಹೇಳುವ ಸತ್ಯ

ಶೇ. 1ರ ಬೋರ್ಡೋ ತಯಾರಿಸಲು 1 ಕೆ.ಜಿ. ಮೈಲುತುತ್ತನ್ನು 50 ಲೀಟರ್ ನೀರಿನಲ್ಲೂ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲೂ ಬೇರೆಬೇರೆಯಾಗಿ ಕರಗಿಸಬೇಕು. ಮೈಲುತುತ್ತಿನ ದ್ರಾವಣವನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕದಡಬೇಕೇ ಹೊರತು ಸುಣ್ಣವನ್ನು ಮೈಲುತುತ್ತಿಗೆ ಸುರಿಯಬಾರದು. ಕಬ್ಬಿಣದ ಪಾತ್ರೆ ಕೂಡದು. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು.

ಸುಣ್ಣ ಕಡಿಮೆಯಾದರೆ ದ್ರಾವಣದಲ್ಲಿ ತಾಮ್ರ ಸ್ವತಂತ್ರವಾಗಿ ಉಳಿದು ಎಳೆಕಾಯಿ, ಸಿಂಗಾರಗಳನ್ನು ಸುಡುತ್ತದೆ. ಕತ್ತಿ ಕಂಡುಹಿಡಿಯುವುದು ಇದನ್ನೇ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರದೂಡುತ್ತದೆ; ಹೊರಬಿದ್ದ ತಾಮ್ರ ಅಲಗಿನ ಮೇಲೆ ಕುಳಿತು ಕೆಂಪಾಗಿ ಕಾಣುತ್ತದೆ. ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿ ಮೊಳೆ ಅದ್ದಿ ತೋರಿಸುವ ಸ್ಥಾನಪಲ್ಲಟ ಕ್ರಿಯೆಯೇ ಇದು. ಇಂದು ಪಿಎಚ್ ಕಾಗದ ಸುಲಭವಾಗಿ ಸಿಗುತ್ತದೆ. ಆದರೂ ಕತ್ತಿ ತನ್ನ ಸ್ಥಾನ ಬಿಟ್ಟುಕೊಟ್ಟಿಲ್ಲ.

ಮಿಶ್ರಣ ಸರಿಯಾದರಷ್ಟೇ ಸಾಲದು, ಅದು ಗೊನೆ ತಲುಪಬೇಕು. ಕಾಲಿಗೆ ತಳೆ ಹಾಕಿ ಮರವೇರುವ ನುರಿತ ಕಾರ್ಮಿಕರು ಕಡಿಮೆಯಾದಂತೆ ಉಪಕರಣಗಳೂ ಬದಲಾದವು. ಕೈಪಂಪಿನ ಜಾಗಕ್ಕೆ ಯಂತ್ರಚಾಲಿತ ಸ್ಪ್ರೇಯರ್ ಬಂತು. ಈಗ ನೆಲದಲ್ಲೇ ನಿಂತು ಬಳಸುವ ಹಗುರವಾದ ಕಾರ್ಬನ್ ಫೈಬರ್ ದೋಟಿ ಹಳ್ಳಿಹಳ್ಳಿಗೂ ತಲುಪಿದೆ. ದ್ರಾವಣ ಮಾತ್ರ ಮಿಲಾರ್ಡೆ ಕಾಲದ್ದೇ.

ಹೆಸರು ಬದಲಾದರೂ ಮದ್ದು ಬದಲಾಗಲಿಲ್ಲ

ತತ್ತ್ವಶಾಸ್ತ್ರದ ದೃಷ್ಟಿಯಿಂದ ಕುತೂಹಲಕರವಾದ ಸಂಗತಿ ಇಲ್ಲಿದೆ. ಕೋಲ್ಮನ್ ರೋಗಾಣುವನ್ನು ಮೊದಲು ಬೇರೊಂದು ಪ್ರಭೇದದ ಉಪವರ್ಗವೆಂದು ಹೆಸರಿಸಿದರು. 1913ರಲ್ಲಿ ಅದು ‘ಫೈಟಾಫ್ತೊರಾ ಅರೆಕೆ’ ಎಂಬ ಸ್ವತಂತ್ರ ಪ್ರಭೇದವಾಯಿತು. ನಂತರದ ಅಧ್ಯಯನಗಳು ‘ಫೈಟಾಫ್ತೊರಾ ಮೀಡಿಯೈ’ ಪ್ರಭೇದದತ್ತ ಬೊಟ್ಟುಮಾಡಿದವು. ಅಷ್ಟೇ ಅಲ್ಲ, ಈ ಕುಲವೇ ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳಿಗೆ ಹತ್ತಿರದ ಬೇರೆಯೇ ಗುಂಪು ಎಂದು ಇಂದಿನ ವರ್ಗೀಕರಣ ಹೇಳುತ್ತದೆ. ವಿವರಣೆ ಇಷ್ಟು ಬಾರಿ ಮಗುಚಿಕೊಂಡರೂ ತೋಟದ ಡ್ರಮ್ಮಿನಲ್ಲಿ ಏನೂ ಬದಲಾಗಲಿಲ್ಲ.

ಕೆನಡಾದವರೇ ಆದ ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ 1983ರ ತಮ್ಮ ಗ್ರಂಥದಲ್ಲಿ, ವಿಜ್ಞಾನವೆಂದರೆ ಜಗತ್ತನ್ನು ವರ್ಣಿಸುವುದಷ್ಟೇ ಅಲ್ಲ, ಅದರಲ್ಲಿ ಕೈಹಾಕಿ ಬದಲಿಸುವುದೂ ಹೌದು ಎಂದು ವಾದಿಸಿದರು. ಕಣ್ಣಿಗೆ ಕಾಣದ ಎಲೆಕ್ಟ್ರಾನುಗಳನ್ನು ಸಿಂಪಡಿಸಿ ಕೆಲಸ ಸಾಧಿಸಬಹುದಾದರೆ ಅವುಗಳ ಅಸ್ತಿತ್ವ ಒಪ್ಪಲು ಅಷ್ಟು ಸಾಕು ಎಂಬುದು ಅವರ ನಿಲುವಾಗಿತ್ತು. ಸಿಂಪಡಿಸುವುದೇ ಕಾಯಕವಾದ ಈ ಸೀಮೆಯಲ್ಲಿ ಆ ಮಾತಿಗೆ ಹೆಚ್ಚಿನ ವ್ಯಾಖ್ಯಾನ ಬೇಕಾಗದು.

ಹಾಗೆಂದು ಬೋರ್ಡೋ ಸರ್ವರೋಗ ನಿವಾರಕವಲ್ಲ. ಅದು ರೋಗ ಬಾರದಂತೆ ತಡೆಯುತ್ತದೆ, ಬಂದ ಮೇಲೆ ಗುಣಪಡಿಸದು. ಮೊದಲ ಸಿಂಪಡಣೆಯ 40–45 ದಿನಗಳ ಬಳಿಕ ಎರಡನೆಯದು ಆಗಲೇಬೇಕು. ಅದಕ್ಕೆ ಮಳೆ ಬಿಡುವು ಕೊಡಬೇಕು. 2013 ಮತ್ತು 2018ರ ಮುಂಗಾರಿನಲ್ಲಿ ಜಿಲ್ಲೆಯ ಬೆಳೆಗಾರರು ಕೊಳೆರೋಗದಿಂದ ಅಪಾರ ನಷ್ಟ ಅನುಭವಿಸಿದ್ದರು. ವರ್ಷವರ್ಷವೂ ಬೀಳುವ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆಂಬ ಆತಂಕವೂ ಇದೆ. ಐರೋಪ್ಯ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕೆ.ಜಿ. ತಾಮ್ರದ ಮಿತಿ ವಿಧಿಸಿದೆ. ಮದ್ದು ಹುಟ್ಟಿದ ನಾಡಿನಲ್ಲೇ ಅದಕ್ಕೆ ಅಂಕುಶ ಬಿದ್ದಂತಾಗಿದೆ.

ಸುಳ್ಯದಲ್ಲಿ ತದ್ವಿರುದ್ಧ ಚಿತ್ರ

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಮುಂತಾದೆಡೆ ಕಾಡುತ್ತಿರುವ ಹಳದಿ ಎಲೆ ರೋಗದ ಕಥೆ ಇದಕ್ಕೆ ತಿರುಗುಮುರುಗು. 1914ರಲ್ಲಿ ಮಧ್ಯ ಕೇರಳದಲ್ಲಿ ಮೊದಲು ಕಂಡುಬಂದ ಈ ರೋಗಕ್ಕೆ ಮಣ್ಣಿನ ದೋಷ, ಪೋಷಕಾಂಶಗಳ ಕೊರತೆ ಎಂದೆಲ್ಲ ಕಾರಣ ಹುಡುಕಲಾಗಿತ್ತು. 1970ರ ದಶಕದ ಕೊನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ರೋಗಗ್ರಸ್ತ ಮರದ ಅಂಗಾಂಶದಲ್ಲಿ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ತೋರಿಸಿತು. ಮರದಿಂದ ಮರಕ್ಕೆ ಅದನ್ನು ಒಯ್ಯುವ ಜಿಗಿಹುಳುವೂ ಪತ್ತೆಯಾಯಿತು. ಇಲ್ಲಿ ರೋಗಾಣು ಗೊತ್ತು, ವಾಹಕ ಗೊತ್ತು. ಡ್ರಮ್ಮಿಗೆ ಹಾಕಲು ಮದ್ದು ಮಾತ್ರ ಇಲ್ಲ. ಅಡಿಕೆಯನ್ನೇ ನೆಚ್ಚಿಕೊಂಡಿದ್ದ ಕುಟುಂಬಗಳು ಹಳದಿಗಟ್ಟಿದ ತೋಟಗಳನ್ನು ಕಡಿದು ಬೇರೆ ಬೆಳೆಯತ್ತ ಹೊರಳಿವೆ.

ಪುತ್ತೂರಿಗೆ ಸಮೀಪದ ವಿಟ್ಲದಲ್ಲಿ 1956ರಲ್ಲಿ ಆರಂಭವಾಗಿ, 1970ರಿಂದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಗಿರುವ ಅಡಿಕೆ ಸಂಶೋಧನಾ ಕೇಂದ್ರ ಬೇರೆ ದಾರಿ ಹಿಡಿದಿದೆ. ರೋಗಪೀಡಿತ ತೋಟಗಳ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ, ಅವುಗಳ ಎಳೆಯ ಸಿಂಗಾರದ ಅಂಗಾಂಶದಿಂದ ಸಸಿ ಬೆಳೆಸುವ ಪ್ರಯತ್ನವದು. ಇಂತಹ ಸಸಿಯೊಂದು ಗಾಜಿನ ನಳಿಕೆಯಿಂದ ಮಣ್ಣಿಗಿಳಿದು ಫಸಲು ಕೊಡಲು ವರ್ಷಗಳೇ ಬೇಕು. ರೋಗವನ್ನು ತಾಳಿಕೊಂಡಿತೇ ಎಂಬುದು ತಿಳಿಯಲು ಇನ್ನಷ್ಟು ಕಾಲ ಕಾಯಬೇಕು.